ಅಮೆರಿಕದ ಪಾಠವನ್ನು ಪೂರ್ತಿ ಓದಬೇಕು

ಮಾನ್ಯ ಸಂಪಾದಕರೇ,

ಬ್ರಿಟನ್‌ನಲ್ಲಿ ಕಲ್ಯಾಣ ನೆರವಿನ ಸುಧಾರಣೆಯ ಮಾತು ಬಂದಾಗಲೆಲ್ಲ ಅಮೆರಿಕದ 1996ರ ಕಾಯ್ದೆಯನ್ನು ಮಾದರಿಯೆಂದು ಮುಂದಿಡುವವರಿದ್ದಾರೆ. ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಆ ಕಾಯ್ದೆಯು, ಮಕ್ಕಳಿರುವ ಬಡ ಕುಟುಂಬಗಳಿಗೆ ನಗದು ನೆರವಿನ ಮೇಲಿದ್ದ ಹಕ್ಕನ್ನು ಕೊನೆಗೊಳಿಸಿ, ದುಡಿಮೆಯ ಷರತ್ತನ್ನೂ ಜೀವಮಾನದಲ್ಲಿ ಒಟ್ಟು 60 ತಿಂಗಳ ಮಿತಿಯನ್ನೂ ವಿಧಿಸಿತು. 2000ದ ಹೊತ್ತಿಗೆ ಫಲಾನುಭವಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು, ಒಂಟಿ ತಾಯಂದಿರ ಉದ್ಯೋಗವೂ ಹೆಚ್ಚಿತು, ಇದು ನಿಜ. ಆದರೆ ಅದು ಆರ್ಥಿಕತೆ ಭರದಿಂದ ಬೆಳೆಯುತ್ತಿದ್ದ, ದುಡಿಯುವ ಬಡವರಿಗೆ ತೆರಿಗೆ ವ್ಯವಸ್ಥೆಯ ಮೂಲಕ ಸಿಗುವ ನೆರವನ್ನು 1993ರಲ್ಲಷ್ಟೇ ಬಹಳವಾಗಿ ಹೆಚ್ಚಿಸಿದ್ದ ಕಾಲ.

ನಾವು ಮುಖ್ಯವಾಗಿ ಗಮನಿಸಬೇಕಾದದ್ದು 2008ರ ಆರ್ಥಿಕ ಕುಸಿತದ ನಂತರದ ವರ್ಷಗಳನ್ನು. ಈ ನೆರವಿಗಾಗಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಡುವ ಅನುದಾನವನ್ನು ಬೆಲೆಯೇರಿಕೆಗೆ ಹೊಂದಿಸದೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್‌ಗೆ ಕಟ್ಟಿಹಾಕಿದ್ದರಿಂದಲೂ, ಆ ಹಣವನ್ನು ಬೇರೆ ಬಾಬತ್ತುಗಳಿಗೆ ತಿರುಗಿಸಲು ರಾಜ್ಯಗಳಿಗೆ ಅವಕಾಶವಿದ್ದುದರಿಂದಲೂ, ನಿರುದ್ಯೋಗ ದುಪ್ಪಟ್ಟಾದಾಗಲೂ ನಗದು ನೆರವು ಪಡೆದವರ ಸಂಖ್ಯೆ ಅಲ್ಪವೇ ಏರಿತು. ಆಗ ಬಡವರ ಕೈಹಿಡಿದದ್ದು, ಅರ್ಹರು ಹೆಚ್ಚಿದಂತೆ ತಾನೂ ಹಿಗ್ಗುವ ಆಹಾರ ನೆರವಿನ ಯೋಜನೆ.

ಬ್ರಿಟನ್‌ನಲ್ಲಿ ಕಡಿಮೆ ಆದಾಯದವರಿಗೂ ನಿರುದ್ಯೋಗಿಗಳಿಗೂ ನೆರವು ಕೊಡುವ ಯೂನಿವರ್ಸಲ್ ಕ್ರೆಡಿಟ್ ಪದ್ಧತಿಯನ್ನು ತಿದ್ದುವವರು ಹೊಸ ಷರತ್ತುಗಳನ್ನು ಹೇರುವ ಮೊದಲು, ಮೊದಲ ಕಂತಿಗಾಗಿ ಐದು ವಾರ ಕಾಯಿಸುವ ನಿಯಮವನ್ನು ಕೈಬಿಡಬೇಕು. ದುಡಿಯಲು ಹೊರಟ ತಾಯಂದಿರಿಗೆ ಮಕ್ಕಳ ಪಾಲನೆಯ ವೆಚ್ಚವನ್ನು ಮುಂಗಡವಾಗಿ ಭರಿಸುವ ವ್ಯವಸ್ಥೆಯನ್ನು ಬಲಪಡಿಸಬೇಕು ಎಂದು ಆಗ್ರಹಿಸುತ್ತೇನೆ.

– ಲಂಡನ್ನಿನ ಓದುಗ