ಆಹ್ವಾನ ಪತ್ರಿಕೆಯಲ್ಲಿ ರ‍್ಯಾಂಪಿಗೂ ಒಂದು ಸಾಲಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯಿತೆಂದರೆ ನಮ್ಮ ನಗರಗಳಲ್ಲಿ ಸಾಹಿತ್ಯೋತ್ಸವಗಳ ಸುಗ್ಗಿ. ಕಳೆದ ವರ್ಷ ಅಂಥದ್ದೊಂದು ಉತ್ಸವಕ್ಕೆ ನನ್ನ ತಂದೆಯವರನ್ನು ಕರೆದುಕೊಂಡು ಹೋಗಿದ್ದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಅವರು ಪಾರ್ಶ್ವವಾಯು ಬಡಿದ ಮೇಲೆ ಗಾಲಿಕುರ್ಚಿಯನ್ನೇ ನಂಬಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದು ಅಚ್ಚಾಗಿತ್ತು. ಉದ್ಘಾಟನೆ, ಅಧ್ಯಕ್ಷತೆ, ಗೌರವ ಉಪಸ್ಥಿತಿ ಎಂದು ಪುಟದ ತುಂಬ ಹೆಸರುಗಳಿದ್ದವು. ಗಾಲಿಕುರ್ಚಿ ಯಾವ ಗೇಟಿನಿಂದ ಒಳಗೆ ಬರಬೇಕು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಫೋನ್ ಮಾಡಿ ಕೇಳಿದಾಗ ‘ನೀವು ಬನ್ನಿ, ಅಡ್ಜಸ್ಟ್ ಮಾಡೋಣ’ ಎಂಬ ಉತ್ತರ ಬಂತು.

ಕವಿಗೋಷ್ಠಿಯ ಪೆಂಡಾಲಿನ ನೆಲವನ್ನು ಎರಡಡಿ ಎತ್ತರಿಸಿ, ಅದಕ್ಕೆ ಐದಡಿ ಉದ್ದದ ಪ್ಲೈವುಡ್ ಹಲಗೆಯೊಂದನ್ನು ಓರೆಯಾಗಿ ಆನಿಸಿ, ಪಕ್ಕದಲ್ಲಿ ‘ರ‍್ಯಾಂಪ್’ ಎಂದು ಫಲಕ ನೆಟ್ಟಿದ್ದರು. ಒಂದಡಿ ಏರಬೇಕಾದರೆ ಇಳಿಜಾರು ಕನಿಷ್ಠ 12 ಅಡಿ ಉದ್ದವಿರಬೇಕು. ಆ ಲೆಕ್ಕದಲ್ಲಿ ಅಲ್ಲಿ ಬೇಕಾಗಿದ್ದುದು 24 ಅಡಿ. ಕೊನೆಗೆ ನಾಲ್ವರು ಸ್ವಯಂಸೇವಕರು ಕುರ್ಚಿಸಮೇತ ಅವರನ್ನು ಎತ್ತಿಕೊಂಡು ಹೋಗಿ ಇಳಿಸಿದರು. ಆ ಹುಡುಗರ ಸೌಜನ್ಯಕ್ಕೆ ಕೊರತೆಯಿರಲಿಲ್ಲ. ‘ಸಮ್ಮೇಳನಾಧ್ಯಕ್ಷನಾಗದೆಯೇ ನನ್ನ ಮೆರವಣಿಗೆ ಆಯಿತಲ್ಲಮ್ಮಾ’ ಎಂದು ನಕ್ಕ ಅಪ್ಪ, ಶೌಚಾಲಯಕ್ಕೆ ಮೂರು ಮೆಟ್ಟಿಲುಗಳಿವೆ ಎಂದು ತಿಳಿದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಅವರು ಆಸೆಪಟ್ಟು ಬಂದಿದ್ದ ಗಮಕ ವಾಚನ ಸಂಜೆಗಿತ್ತು. ನಾವು ಊಟದ ಹೊತ್ತಿಗೇ ಆಟೊ ಹಿಡಿದೆವು.

ಮತ್ತೊಂದು ವೇದಿಕೆಯಲ್ಲಿ ಸನ್ನೆ ಭಾಷೆಯ ಅನುವಾದಕಿಯನ್ನು ನಿಯೋಜಿಸಿದ್ದರು, ಅದು ಮೆಚ್ಚಬೇಕಾದದ್ದೇ. ಆದರೆ ಕವಿತಾ ವಾಚನಕ್ಕೆಂದು ದೀಪ ಮಂಕು ಮಾಡಿದೊಡನೆ ಅವರ ಕೈಗಳೂ ಕತ್ತಲಾದವು.

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ, ಸಾಂಸ್ಕೃತಿಕ ಬದುಕಿನಲ್ಲಿ ಅವರು ಇತರರಂತೆಯೇ ಭಾಗವಹಿಸುವ ಹಕ್ಕನ್ನು ಕಾಪಾಡುವ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಪ್ರವೇಶ ಸೌಲಭ್ಯದ ಮಾನದಂಡಗಳು ಬರಿಯ ಮಾರ್ಗಸೂಚಿಗಳಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸಬೇಕು ಎಂದು ಕೇಂದ್ರಕ್ಕೆ ನಿರ್ದೇಶಿಸಿತು. ಹೀಗಿರುವಾಗ ಸರ್ಕಾರದ ಅನುದಾನ ಪಡೆಯುವ ಉತ್ಸವಗಳಾದರೂ ‘ಅಡ್ಜಸ್ಟ್’ ಮಾಡುವ ಅಭ್ಯಾಸವನ್ನು ಬಿಡಬೇಡವೇ?

ಸಂಘಟಕರಲ್ಲಿ ನನ್ನ ಕೋರಿಕೆ ಬಹಳ ದೊಡ್ಡದಲ್ಲ. ಮೆಟ್ಟಿಲಿಲ್ಲದ ಗೇಟು ಯಾವುದು, ಬಳಸಬಹುದಾದ ಶೌಚಾಲಯ ಎಲ್ಲಿದೆ, ಯಾವ ಗೋಷ್ಠಿಗೆ ಸನ್ನೆ ಭಾಷೆಯ ಅನುವಾದವಿದೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಲಿ. ಇಲ್ಲದ ಸೌಲಭ್ಯವನ್ನು ಇಲ್ಲವೆಂದೇ ಬರೆಯಲಿ. ಮೊದಲೇ ತಿಳಿದಿದ್ದರೆ ನಾವು ಸಂಜೆ ಹೊತ್ತಿಗೆ ಹೋಗಿ ಗಮಕವನ್ನಷ್ಟೇ ಕೇಳಿ ಬರುತ್ತಿದ್ದೆವು. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪತ್ರಿಕೆಯನ್ನು ಬರಿಯ ಚಿತ್ರವಾಗಿ ಕಳುಹಿಸದೆ ಯೂನಿಕೋಡ್ ಪಠ್ಯವಾಗಿಯೂ ಕಳುಹಿಸಿದರೆ, ಮೊಬೈಲಿನ ತಂತ್ರಾಂಶ ಅದನ್ನು ದೃಷ್ಟಿ ಇಲ್ಲದವರಿಗೆ ಓದಿ ಹೇಳುತ್ತದೆ. ದೃಷ್ಟಿ ಇಲ್ಲದ ಸಂಗೀತಗಾರರಾಗಿದ್ದ ಗದುಗಿನ ಪುಟ್ಟರಾಜ ಗವಾಯಿಗಳನ್ನು ಸಾಹಿತಿಯೆಂದೂ ಗೌರವಿಸಿದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ವಿಚಿತ್ರ.

ಈ ವರ್ಷದ ಪತ್ರಿಕೆಗಳು ಇನ್ನೂ ಅಚ್ಚಿಗೆ ಹೋಗಿರಲಾರವು. ಗೌರವ ಉಪಸ್ಥಿತಿಯ ಪಟ್ಟಿಯಿಂದ ಎರಡು ಹೆಸರು ಕಡಿಮೆ ಮಾಡಿದರೂ ಇಷ್ಟಕ್ಕೆ ಜಾಗ ಸಿಗುತ್ತದೆ.

– ಒಬ್ಬ ಓದುಗಿ, ಬೆಂಗಳೂರು