ಒಂದು ಪ್ರೇಮಕಾದಂಬರಿಯ ಓದು: ಯುವ ಬರಹಗಾರರಿಗೆ ಪತ್ರ

ಪ್ರಿಯ ಕಿರಿಯ ಮಿತ್ರರೇ,

ಅಮೆರಿಕದ ಕಾದಂಬರಿಕಾರ ಜಾನ್ ಗ್ರೀನ್ ಅವರ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಕಾದಂಬರಿಯ ಬಗ್ಗೆ ನೀವು ಬರೆದು ಕಳುಹಿಸಿದ ಲೇಖನವನ್ನು ಓದಿದೆ. ಕಾದಂಬರಿ ನಿಮ್ಮನ್ನು ಅಳಿಸಿತೆಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ನಂಬುತ್ತೇನೆ. ಕ್ಯಾನ್ಸರ್ ತಗುಲಿದ ಹದಿಹರೆಯದ ಹೇಜಲ್ ಮತ್ತು ಆಗಸ್ಟಸ್ ಪರಸ್ಪರ ಪ್ರೀತಿಸಿ, ಅವರಲ್ಲಿ ಆಗಸ್ಟಸ್ ತೀರಿಕೊಳ್ಳುವ ಕಥೆಗೆ ಕಣ್ಣು ತೇವವಾಗದಿದ್ದರೆ ಅದೇ ಆಶ್ಚರ್ಯ. ಆದರೆ ಅಷ್ಟನ್ನು ಕಥೆಯ ಸಾರಾಂಶವೂ ಮಾಡಬಲ್ಲದು. 2012ರಲ್ಲಿ ಪ್ರಕಟವಾದ ಈ ಪುಸ್ತಕ ಸಾರಾಂಶಕ್ಕೆ ದಕ್ಕದ್ದನ್ನು ಎಲ್ಲಿ ಸಾಧಿಸಿದೆ, ಎಲ್ಲಿ ಸಾಧಿಸಲಾರದೆ ಹೋಗಿದೆ ಎಂಬುದನ್ನು ನಿಮ್ಮ ಲೇಖನ ಹೇಳಬೇಕಿತ್ತು.

ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಪೆಟ್ರೋಲ್ ಬಂಕಿನ ಪ್ರಸಂಗಕ್ಕೆ ದಯವಿಟ್ಟು ಮರಳಿ ಹೋಗಿ. ಹಚ್ಚದ ಸಿಗರೇಟನ್ನು ತುಟಿಗಿಟ್ಟುಕೊಂಡು, ಸಾವಿನ ಸಾಧನವನ್ನು ಬಾಯಲ್ಲಿಟ್ಟುಕೊಂಡೂ ಅದಕ್ಕೆ ಕೊಲ್ಲುವ ಶಕ್ತಿ ಕೊಟ್ಟಿಲ್ಲವೆಂದು ಬೀಗುತ್ತಿದ್ದ ಆಗಸ್ಟಸ್, ಕಾಯಿಲೆ ಉಲ್ಬಣಿಸಿದ ಮೇಲೆ ಒಂದು ರಾತ್ರಿ ಆ ಸಿಗರೇಟು ಪ್ಯಾಕನ್ನಾದರೂ ತಾನೇ ಕೊಂಡು ತರಬೇಕೆಂದು ಕಾರಿನಲ್ಲಿ ಒಬ್ಬನೇ ಹೊರಡುತ್ತಾನೆ. ಹೊಟ್ಟೆಗೆ ಹಾಕಿದ ನಳಿಕೆಯ ಜಾಗ ಸೋಂಕಾಗಿದೆ, ಮೈಮೇಲೆಲ್ಲ ವಾಂತಿ. ಆಂಬುಲೆನ್ಸ್ ಕರೆಯಬೇಡವೆಂದು ಅವನು ಬೇಡಿಕೊಂಡರೂ, ಅವನ ಫೋನ್ ಬಂದು ಬಂಕಿಗೆ ಧಾವಿಸಿದ ಹೇಜಲ್ ಕರೆಯುತ್ತಾಳೆ. ಅದು ಬರುವವರೆಗೆ ಅವನಿಗಾಗಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಅವರ ಕೆಂಪು ಕೈಗಾಡಿಯ ಪುಟ್ಟ ಕವಿತೆಯನ್ನು ಹೇಳುತ್ತಾಳೆ, ಅದು ಮುಗಿದಾಗ ತನ್ನದೇ ಸಾಲುಗಳನ್ನು ಸೇರಿಸುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಪ್ರೇಮವೆಂದು ಪೂರ್ತಿ ಒಪ್ಪಿಗೆಯಾದದ್ದು ಈ ಭಾಗ, ಏಕೆಂದರೆ ಇಲ್ಲಿ ಹುಡುಗನ ವೀರತ್ವವನ್ನೂ ಚಂದದ ಮಾತನ್ನೂ ಲೇಖಕ ಅವನಿಂದ ಕಿತ್ತುಕೊಂಡಿದ್ದಾನೆ, ಆದರೂ ಹುಡುಗಿ ಅಲ್ಲೇ ಇದ್ದಾಳೆ.

ನೀವು ಮೆಚ್ಚಿ ವಿಸ್ತಾರವಾಗಿ ಬರೆದ ಆಮ್‌ಸ್ಟರ್‌ಡ್ಯಾಮ್ ಪ್ರಸಂಗದ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ನಾಜಿಗಳಿಂದ ಅಡಗಿಕೊಂಡು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಯ ಕಡಿದಾದ ಮೆಟ್ಟಿಲುಗಳನ್ನು ಹೇಜಲ್ ಆಮ್ಲಜನಕದ ಸಿಲಿಂಡರ್ ಸಮೇತ ಏದುಸಿರು ಬಿಡುತ್ತ ಹತ್ತುವ ಪುಟಗಳು ಬಹಳ ಚೆನ್ನಾಗಿವೆ. ಅವಳ ಶ್ವಾಸಕೋಶದ ಸ್ಥಿತಿಯನ್ನು ಯಾವ ವೈದ್ಯಕೀಯ ವಿವರಣೆಯೂ ಅಷ್ಟು ಸ್ಪಷ್ಟವಾಗಿ ತಿಳಿಸಲಾರದು. ಮೇಲೆ ತಲುಪಿದ ಮೇಲೆ ಅವರಿಬ್ಬರು ಮುತ್ತಿಟ್ಟುಕೊಳ್ಳುತ್ತಾರೆ, ಸುತ್ತ ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಮುತ್ತನ್ನು ನಾನು ಆಕ್ಷೇಪಿಸುವುದಿಲ್ಲ. ನಂಬಲಾಗದ್ದು ಆ ಚಪ್ಪಾಳೆ: ಅಂಥ ಜಾಗದಲ್ಲಿ ಅಪರಿಚಿತರಿಂದ ಅದನ್ನು ತಟ್ಟಿಸಿ, ಓದುಗ ಏನನ್ನು ಅನುಭವಿಸಬೇಕೆಂದು ಲೇಖಕನೇ ಮುಂಚಿತವಾಗಿ ಹೇಳಿಬಿಟ್ಟಿದ್ದಾನೆ. (ಸಿನಿಮಾ ಮಾಡುವವರಿಗೆ ಇಂಥವು ಬಲು ಇಷ್ಟ.) ಒಂದೇ ಪ್ರಸಂಗದೊಳಗೆ ಗಟ್ಟಿಯೂ ಜೊಳ್ಳೂ ಕೂಡಿರುವಾಗ ಅವೆರಡನ್ನೂ ಬೇರ್ಪಡಿಸಿ ತೋರಿಸುವ ವಿಮರ್ಶೆ ನನಗೆ ಬೇಕು.

ಈ ವಯಸ್ಸಿನವರು ಇಷ್ಟು ಚುರುಕಾಗಿ ಮಾತನಾಡುವುದಿಲ್ಲ ಎಂಬ ನಿಮ್ಮ ದೂರು ಅರ್ಧ ನಿಜ. ಹೇಜಲ್ ಒಂದೇ ಕಾದಂಬರಿಯನ್ನು ಪದೇ ಪದೇ ಓದಿ ಅದರ ಲೇಖಕನನ್ನೇ ಹುಡುಕಿಕೊಂಡು ಹೋಗುವಷ್ಟು ಪುಸ್ತಕದ ಹುಳು. ಅವಳ ಬಾಯಲ್ಲಿ ಆ ಚುರುಕು ಒಪ್ಪುತ್ತದೆ. ಆಗಸ್ಟಸ್‌ನೂ ಅದೇ ದನಿಯಲ್ಲಿ ಮಾತನಾಡುವುದು ದೋಷ, ಅದನ್ನು ಅಳುಕದೆ ಹೇಳಿ.

ನೀವೂ ಇಂಥದೊಂದು ಕಾದಂಬರಿಯನ್ನು ಕನ್ನಡದಲ್ಲಿ, ಪಿಯುಸಿ ಓದುವ ಹುಡುಗಿಯನ್ನು ನಾಯಕಿಯಾಗಿಟ್ಟುಕೊಂಡು ಬರೆಯಬೇಕೆಂದಿದ್ದೀರಿ. ಗ್ರೀನ್ ಬರಹಗಾರರಾಗುವ ಮುನ್ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೂ ಮನೆಯವರಿಗೂ ಸಾಂತ್ವನ ಹೇಳುವ ಕೆಲಸದಲ್ಲಿ ಕೆಲವು ತಿಂಗಳು ಇದ್ದವರು. ಹೇಜಲ್‌ಳನ್ನು ಬದುಕಿಸಿಟ್ಟಿರುವ ಔಷಧಿ ಅವರು ಕಲ್ಪಿಸಿದ್ದು. ಅಂಥ ಔಷಧಿ ಇಲ್ಲವೆಂದು ಅವರೇ ತಿಳಿಸಿದ್ದಾರೆ. ಔಷಧಿಯನ್ನು ನೀವೂ ಕಲ್ಪಿಸಿಕೊಳ್ಳಬಹುದು. ಆದರೆ ಕಾಯಿಲೆಯ ಹುಡುಗಿಯಿರುವ ಮನೆಯಲ್ಲಿ ರಾತ್ರಿ ಯಾರು ಎಚ್ಚರವಿರುತ್ತಾರೆ, ಕಾಲೇಜಿಗೆ ಹಾಜರಾತಿ ಹೇಗೆ ಹೊಂದಿಸುತ್ತಾರೆ, ನೆಂಟರ ಮುಂದೆ ಏನೆಂದು ಹೇಳುತ್ತಾರೆ ಎಂಬುದನ್ನು ಬಲ್ಲವರ ಬಳಿ ಕೂತು ಕೇಳಿ ತಿಳಿದುಕೊಳ್ಳಿ.

ಲೇಖನವನ್ನು ತಿದ್ದುವಾಗ ಹೇಜಲ್‌ಳ ತಾಯಿಯ ಬಗ್ಗೆಯೂ ಒಂದು ಪ್ಯಾರಾ ಬರೆಯಿರಿ. ಈಗ ಆಕೆಯ ಹೆಸರೇ ಬಂದಿಲ್ಲ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಗ ಇನ್ನು ತಾನು ತಾಯಿಯಾಗಿ ಉಳಿಯುವುದಿಲ್ಲವಲ್ಲ ಎಂದು ಅತ್ತ ಆಕೆ, ಮಗಳಿಗೆ ತಿಳಿಸದೆ ಸಮಾಜಕಾರ್ಯದ ಪದವಿಗೆ ಓದುತ್ತಿರುತ್ತಾಳೆ. ಅದು ಗೊತ್ತಾದಾಗ ಹೇಜಲ್‌ಗೆ ನೋವಾಗುವುದಿಲ್ಲ, ಸಂತೋಷವಾಗುತ್ತದೆ. ಏಕೆಂದು ನಿಮ್ಮ ಮಾತಿನಲ್ಲಿ ವಿವರಿಸಿ ಕಳುಹಿಸಿ.

ಇತಿ,
ನಿಮ್ಮ ಹಿತೈಷಿ