ಜಾತ್ರೆ ಹೊತ್ತಿನ ಲಾಡ್ಜ್ ಬಾಡಿಗೆ: ಎಲ್ಲಿ ಹಿಡಿಯಬೇಕು?

ಮಾನ್ಯ ಸಂಪಾದಕರೇ,

ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ರಾಜಕೀಯ ಸಮಾವೇಶ, ನೇಮಕಾತಿ ಪರೀಕ್ಷೆ, ಹೀಗೆ ಕಲಬುರಗಿಯಲ್ಲಿ ಯಾವ ದೊಡ್ಡ ಕಾರ್ಯಕ್ರಮ ಬಂದರೂ ಲಾಡ್ಜ್‌ನವರ ಸುಲಿಗೆಯ ದೂರು ಬೆನ್ನಿಗೇ ಬರುತ್ತದೆ. ದೂರು ಸುಳ್ಳಲ್ಲ. ಆದರೆ ಜನ ಹಿಡಿಯುವ ಎಳೆ ಬೇರೆ. ರೂಮಿಗೆ ಎಂಆರ್‌ಪಿ ಇಲ್ಲ. ಬಾಡಿಗೆ ಏರಿಸಿದ್ದೊಂದೇ ಕಾರಣಕ್ಕೆ ಮಾಲೀಕನನ್ನು ಗ್ರಾಹಕರ ಆಯೋಗದ ಮುಂದೆ ನಿಲ್ಲಿಸಿ ಗೆಲ್ಲುವುದು ಕಷ್ಟ. ಒಪ್ಪಿಕೊಂಡ ದರಕ್ಕೆ ರೂಮ್ ಕೊಡದಿದ್ದರೆ, ಬೋರ್ಡಿನಲ್ಲಿ ಒಂದು ಬರೆದು ಕೌಂಟರಿನಲ್ಲಿ ಇನ್ನೊಂದು ಕೇಳಿದರೆ, ದುಡ್ಡು ತಗೊಂಡು ಬಿಲ್ ಕೊಡದಿದ್ದರೆ ಮಾತ್ರ ಆತ ಸಿಕ್ಕಿಬೀಳುತ್ತಾನೆ.

ದರ ಹೇಗೆ ಏರುತ್ತದೆ ಎಂಬುದನ್ನು ಮೊದಲು ನೋಡೋಣ. ಕಾರ್ಯಕ್ರಮದ ದಿನಾಂಕ ಗೊತ್ತಾದ ಕೂಡಲೇ ಸಂಘಟಕರು, ಇಲಾಖೆಯವರು, ಪಕ್ಷದವರು ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್, ಬಸ್ ನಿಲ್ದಾಣದ ಸುತ್ತಲಿನ ಲಾಡ್ಜ್‌ಗಳಿಗೆ ಫೋನ್ ಮಾಡಿ ‘ಇಪ್ಪತ್ತು ರೂಮ್ ಹಿಡಿದಿಡ್ರಿ’ ಎನ್ನುತ್ತಾರೆ. ಮುಂಗಡ ಕೊಡುವುದಿಲ್ಲ. ಮಾಲೀಕ ಒಲ್ಲೆ ಎನ್ನಲಾರ, ಹೂಂ ಎಂದರೆ ದುಡ್ಡಿನ ಖಾತ್ರಿಯಿಲ್ಲ. ಹಾಗಾಗಿ ರೂಮುಗಳು ಖಾಲಿ ಇದ್ದರೂ ಆ್ಯಪ್‌ನಲ್ಲಿ ‘ಸೋಲ್ಡ್ ಔಟ್’ ಎಂದು ಕಾಣುತ್ತವೆ. ಕಾರ್ಯಕ್ರಮದ ಹಿಂದಿನ ಸಂಜೆ ‘ನಮಗ ಎಂಟೇ ಸಾಕು’ ಎಂಬ ಫೋನ್ ಬರುತ್ತದೆ. ಉಳಿದ ಹನ್ನೆರಡು ರೂಮು ರಾತ್ರಿ ಬ್ಯಾಗ್ ಹಿಡಿದು ಕೌಂಟರಿಗೆ ಬಂದವರಿಗೆ ಮೂರು ಪಟ್ಟು ದರಕ್ಕೆ ಹೋಗುತ್ತವೆ. ಈ ಕೊರತೆಯಲ್ಲಿ ಒಂದು ಪಾಲು ನಾವೇ ಹುಟ್ಟಿಸಿದ್ದು.

ಮಾಲೀಕರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಜಾತ್ರೆ ದಿನಗಳಲ್ಲಿ ಟ್ಯಾಂಕರ್ ನೀರು, ಜನರೇಟರ್‌ಗೆ ಡೀಸೆಲ್, ದಿನಕ್ಕೆರಡು ಸಲ ಚಾದರ ಬದಲಿಸಲು ದೋಬಿ, ರಾತ್ರಿ ಪಾಳಿಗೆ ಹೆಚ್ಚುವರಿ ಹುಡುಗರು, ಎಲ್ಲದಕ್ಕೂ ಖರ್ಚಿದೆ. ಆಷಾಢದಲ್ಲಿ ಅರ್ಧ ಲಾಡ್ಜ್ ಖಾಲಿ ಬಿದ್ದಿರುತ್ತದೆ. ಒಂದೂವರೆ ಪಟ್ಟು ಕೇಳಿದರೆ ನ್ಯಾಯ ಎನ್ನೋಣ. ಮೂರು ಪಟ್ಟಿಗೆ ಟ್ಯಾಂಕರ್ ನೀರಿನ ಲೆಕ್ಕ ಒಪ್ಪುವಂಥದ್ದಲ್ಲ.

ಮುಂಚಿತವಾಗಿ ಬುಕ್ ಮಾಡಿದವರಿಗೆ ಆಗುವ ಮೋಸ ಇದಕ್ಕಿಂತ ಜಾಣತನದ್ದು. ತಿಂಗಳ ಹಿಂದೆ ಆ್ಯಪ್‌ನಲ್ಲಿ 1,200 ರೂಪಾಯಿಗೆ ಹಿಡಿದ ರೂಮಿನಿಂದ ಕಮಿಷನ್ ಕಳೆದರೆ ಮಾಲೀಕನಿಗೆ ಸಾವಿರದ ಆಸುಪಾಸು ಉಳಿದೀತು. ಅದೇ ರೂಮಿಗೆ ಕೌಂಟರಿನಲ್ಲಿ 3,000 ಕೊಡುವವರು ನಿಂತಿರುತ್ತಾರೆ. ಆಗ ‘ಬುಕಿಂಗ್ ನಮಗ ಬಂದಿಲ್ಲ’, ‘ಎಸಿ ಕೆಟ್ಟದ’, ‘ಪೈಪ್ ಒಡದದ’ ಎಂಬ ನೆಪಗಳು ಶುರು. ಕೊನೆಗೆ ‘ನೀವೇ ಕ್ಯಾನ್ಸಲ್ ಮಾಡ್ರಿ, ದುಡ್ಡು ವಾಪಸ್ ಬರ್ತದ’ ಎನ್ನುತ್ತಾರೆ. ಆ ಬಟನ್ ಒತ್ತಬೇಡಿ. ಒತ್ತಿದರೆ ರದ್ದು ಮಾಡಿದವರು ನೀವೇ ಎಂದು ದಾಖಲಾಗುತ್ತದೆ. ಗಡುವು ಮೀರಿದ್ದರೆ ದುಡ್ಡೂ ಹೋಗುತ್ತದೆ, ತಕರಾರಿನ ಹಕ್ಕೂ ಸೊರಗುತ್ತದೆ. ಕೌಂಟರಿನ ಎದುರು ನಿಂತೇ ಆ್ಯಪ್‌ನ ಸಹಾಯವಾಣಿಗೆ ಫೋನ್ ಮಾಡಿ ‘ಹೋಟೆಲ್‌ನವರು ರೂಮ್ ಕೊಡಲು ನಿರಾಕರಿಸಿದ್ದಾರೆ’ ಎಂದು ಬರೆಸಿ, ದೂರಿನ ಸಂಖ್ಯೆ ಪಡೆದು, ಬದಲಿ ರೂಮ್ ಕೇಳಿ.

ಇಂಥ ದಿನಗಳಿಗೆ ‘ಪೇ ಅಟ್ ಹೋಟೆಲ್’ ಆಯ್ಕೆಯನ್ನು ನೆಚ್ಚಬಾರದು. ದುಡ್ಡು ಕಟ್ಟದ ಬುಕಿಂಗೇ ಮೊದಲು ಹಾರುವುದು. ನೇರವಾಗಿ ಲಾಡ್ಜಿಗೆ ಫೋನ್ ಮಾಡಿ ಅರ್ಧ ಮುಂಗಡ ಯುಪಿಐನಲ್ಲಿ ಕಳಿಸಿ, ದಿನಾಂಕ, ರೂಮಿನ ಬಗೆ, ತೆರಿಗೆ ಸೇರಿದ ಒಟ್ಟು ದರ, ಚೆಕ್‌ಔಟ್ ಹೊತ್ತು, ಮೂರನೆಯವರ ಗಾದಿಗೆ ಎಷ್ಟು, ಇಷ್ಟನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಚೆಕ್‌ಔಟ್ ಹೊತ್ತಿನಲ್ಲೇ ಬಹಳ ಮಂದಿ ಏಟು ತಿನ್ನುತ್ತಾರೆ. ನಮ್ಮ ಕಡೆ ಸಣ್ಣ ಲಾಡ್ಜ್‌ಗಳಲ್ಲಿ 24 ಗಂಟೆಯ ಲೆಕ್ಕ ರೂಢಿ. ಜಾತ್ರೆ ಬಂದಾಗ ಅದು ಸದ್ದಿಲ್ಲದೆ ಮಧ್ಯಾಹ್ನ 12ರ ಲೆಕ್ಕಕ್ಕೆ ತಿರುಗುತ್ತದೆ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ನಸುಕಿಗೆ ಇಳಿದವರು ಒಂದು ಸ್ನಾನ, ಎರಡು ತಾಸು ನಿದ್ದೆಗೆ ಒಂದು ದಿನದ ಬಾಡಿಗೆ ಕಟ್ಟಿ, ಹನ್ನೆರಡರ ನಂತರ ಇನ್ನೊಂದು ದಿನದ್ದು ಕಟ್ಟಬೇಕಾಗುತ್ತದೆ. ದರ ಏರಿಸದೆಯೇ ಬಾಡಿಗೆ ದುಪ್ಪಟ್ಟು!

ತೆರಿಗೆಯ ಹೆಸರಿನಲ್ಲೂ ಆಟ ನಡೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ಮೊದಲು ಶೇ 12 ಇತ್ತು. ಹಳೆಯ ಹನ್ನೆರಡನ್ನೇ ಬಾಯಿಮಾತಿನಲ್ಲಿ ಕೇಳಿದರೆ ಕೊಡಬೇಡಿ. 7,500 ದಾಟಿದರೆ ಶೇ 18. ಲೆಕ್ಕಕ್ಕೆ ಬರುವುದು ಅಂದು ನಿಜಕ್ಕೂ ವಸೂಲಿ ಮಾಡಿದ ದರ. 7,400ರ ರೂಮಿಗೆ ತೆರಿಗೆ ಸೇರಿ 7,770 ಆದರೆ, 7,600ರ ರೂಮಿಗೆ 8,968. ಬಾಡಿಗೆ ಇನ್ನೂರು ಏರಿದ್ದಕ್ಕೆ ಗಿರಾಕಿಯ ಕಿಸೆಯಿಂದ ಹೋಗುವುದು 1,198. ದೊಡ್ಡ ಹೋಟೆಲಿನಲ್ಲಿ ಚೌಕಾಸಿ ಮಾಡುವವರು ಈ ಗೆರೆಯ ಕೆಳಗೆ ನಿಲ್ಲುವಂತೆ ಮಾಡಬೇಕು.

ಎಲ್ಲ ಲಾಡ್ಜ್‌ಗೂ ಜಿಎಸ್‌ಟಿ ನೋಂದಣಿ ಇರುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ಮೀರದಿದ್ದರೆ ಸಾಮಾನ್ಯವಾಗಿ ಅದು ಕಡ್ಡಾಯವಲ್ಲ. ಹತ್ತು ರೂಮಿನ, 600 ರೂಪಾಯಿ ಬಾಡಿಗೆಯ ಲಾಡ್ಜ್ ವರ್ಷವಿಡೀ ತುಂಬಿದರೂ 21.9 ಲಕ್ಷ; ಅರ್ಧ ತುಂಬಿದರೆ ಹನ್ನೊಂದೂ ದಾಟದು. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ 15 ಅಂಕಿ-ಅಕ್ಷರಗಳ ಸಂಖ್ಯೆ ಇದೆಯೇ, ಕರ್ನಾಟಕದ ಗುರುತಾದ 29ರಿಂದ ಶುರುವಾಗುತ್ತದೆಯೇ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೋಸವಾದರೆ ಬೋರ್ಡಿನ ಫೋಟೊ, ವಾಟ್ಸ್‌ಆ್ಯಪ್ ಸಂದೇಶ, ಯುಪಿಐ ರಸೀದಿ, ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಮತ್ತು 2019ರ ಕಾಯ್ದೆಯ ಪ್ರಕಾರ ದೂರನ್ನು ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕಲಬುರಗಿಯ ಲಾಡ್ಜ್ ಮೇಲೆ ಬೀದರ್‌ನವರು ಬೀದರ್‌ನಲ್ಲೇ ದಾವೆ ಹೂಡಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಊರೊಳಗೆ ರೂಮ್ ಸಿಗದಿದ್ದರೆ ರೈಲು ಹಳಿ ನೋಡಿ ಯೋಚಿಸಿ. ಯಾದಗಿರಿಯಲ್ಲಿ ಉಳಿದು ಬೆಳಗಿನ ರೈಲು ಹಿಡಿದರೆ ವಾಡಿ, ಶಹಾಬಾದ್ ಮೇಲೆ ಕಲಬುರಗಿ ದೂರವಲ್ಲ. 2017ರಲ್ಲಿ ಶುರುವಾದ ಬೀದರ್-ಕಲಬುರಗಿ ಮಾರ್ಗದಲ್ಲಿ ಹುಮನಾಬಾದ್ ಇದೆ. ಆದರೆ ಆ ಹಳಿಯಲ್ಲಿ ರೈಲು ಕಡಿಮೆ, ವಾಪಸಿನ ಹೊತ್ತು ಮೊದಲೇ ನೋಡಿಕೊಳ್ಳಬೇಕು. ವೀರಭದ್ರೇಶ್ವರ ಜಾತ್ರೆಯ ದಿನಗಳಲ್ಲಂತೂ ಹುಮನಾಬಾದ್‌ಗೆ ಹೋಗಿ ರೂಮ್ ಕೇಳಬೇಡಿ! ರೈಲ್ವೆಯ ರಿಟೈರಿಂಗ್ ರೂಮು ಅಗ್ಗ, ಆದರೆ ಖಾತ್ರಿಯಾದ ಅಥವಾ ಆರ್‌ಎಸಿ ಟಿಕೆಟ್‌ನ ಪಿಎನ್‌ಆರ್ ಬೇಕು. ವೇಟಿಂಗ್ ಲಿಸ್ಟ್‌ಗೆ ಸಿಗದು. ಉರುಸಿಗೆ ಬರುವವರು ಹೋದ ವರ್ಷದ ತಾರೀಖು ನೋಡಿ ರೂಮ್ ಹಿಡಿಯಬಾರದು. ಅದು ಚಾಂದ್ರಮಾನ ಹಿಜರಿ ಲೆಕ್ಕದ್ದಾದ್ದರಿಂದ ವರ್ಷಕ್ಕೆ ಹತ್ತು-ಹನ್ನೊಂದು ದಿನ ಮೊದಲೇ ಬರುತ್ತದೆ.

ಇನ್ನು ಜಿಲ್ಲಾಡಳಿತಕ್ಕೆ. ಲಾಡ್ಜ್‌ಗಳಿಗೆ ಪರವಾನಗಿ ಕೊಡುವುದು ಪಾಲಿಕೆ. ಸಾಮಾನ್ಯ ದಿನದ ದರ, ಕಾರ್ಯಕ್ರಮದ ದಿನದ ಗರಿಷ್ಠ ದರ, ಚೆಕ್‌ಔಟ್ ಹೊತ್ತು, ಈ ಮೂರನ್ನೂ ಕೌಂಟರಿನ ಎದುರಿನ ಬೋರ್ಡಿನಲ್ಲಿ ಬರೆಸುವುದನ್ನು ನವೀಕರಣದ ಷರತ್ತು ಮಾಡಲಿ. ಸರ್ಕಾರಿ ಕಾರ್ಯಕ್ರಮಕ್ಕೆ ರೂಮ್ ಹಿಡಿಯುವ ಇಲಾಖೆ ಅರ್ಧ ಮುಂಗಡ ಕಟ್ಟಿ, ಬೇಡದ ರೂಮನ್ನು ಏಳು ದಿನ ಮೊದಲೇ ಬಿಟ್ಟುಕೊಡಲಿ. ಇದೊಂದನ್ನು ಮಾಡಿದರೂ ಹಿಂದಿನ ರಾತ್ರಿಯ ನೂಕುನುಗ್ಗಲು ಬಹಳ ತಗ್ಗುತ್ತದೆ.

ಊಟಕ್ಕೆ ನಮ್ಮಲ್ಲಿ ದಾಸೋಹಗಳಿವೆ, ಬೀದರ್‌ನ ಗುರುನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಇದೆ. ಮಲಗಲು ಜಾಗ ಸಿಗುವುದೇ ಕಷ್ಟ. ರಜೆಯಲ್ಲಿ ಖಾಲಿ ಇರುವ ಸರ್ಕಾರಿ ಹಾಸ್ಟೆಲ್‌ಗಳನ್ನು ತೆರೆಯಬಹುದು. ತಲೆಗೆ ದಿನಕ್ಕೆ 50 ಲೀಟರ್ ಎಂದರೂ 200 ಜನಕ್ಕೆ 10,000 ಲೀಟರ್, ಅಂದರೆ 5,000 ಲೀಟರಿನ ಎರಡು ಟ್ಯಾಂಕರ್ ಬೇಕು. ಎರಡೂ ಹಿಂದಿನ ರಾತ್ರಿಯೇ ಬಂದು ಸಂಪ್ ತುಂಬಿರಬೇಕು. ಬೆಳಿಗ್ಗೆ ಆರಕ್ಕೆ ಎಲ್ಲರೂ ಒಟ್ಟಿಗೆ ಶೌಚಾಲಯಕ್ಕೆ ಹೋದಾಗ ಮೇಲಿನ ಟ್ಯಾಂಕ್ ಅರ್ಧ ತಾಸಿನಲ್ಲಿ ಬರಿದಾಗುತ್ತದೆ. ಪರೀಕ್ಷೆಗೆ ಬರುವ ಹೆಣ್ಣುಮಕ್ಕಳಿಗೆ ಬೇರೆ ಕಟ್ಟಡ, ಬ್ಯಾಗ್ ಇಡಲು ಬೀಗದ ಕೋಣೆ, ರಾತ್ರಿ ಮಹಿಳಾ ಸಿಬ್ಬಂದಿ ಇರಲೇಬೇಕು. ಮತ್ತೆ ಬೀಗದ ಕೈ ರಜೆ ಮೇಲೆ ಊರಿಗೆ ಹೋದ ವಾರ್ಡನ್ ಕಿಸೆಯಲ್ಲಿ ಉಳಿಯದಂತೆ, ಒಂದು ಜೊತೆಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಇರಿಸಿಕೊಳ್ಳಲಿ.

ಇಂತಿ,
ಲಾಡ್ಜ್‌ಗಳ ಲೆಕ್ಕಪತ್ರ ನೋಡುವ ತೆರಿಗೆ ಸಲಹೆಗಾರ,
ಕಲಬುರಗಿ